ಭಾವನ ಎಡಮಗ್ಗುಲಲ್ಲಿ ಅಕ್ಕ

ಕಳೆದ ತಿಂಗಳು ನನ್ನ ಅಕ್ಕ ಗಂಡನನ್ನು ಬಿಟ್ಟು ಬಂದಳು.

ಸರಿಯಾಗಿಯೇ ಓದಿದಿರಿ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಟ್ರಂಕು ಹಿಡಿದುಕೊಂಡು, ಸವಣೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟು, ಶಿಗ್ಗಾಂವದ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಳು. ನಾನು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. (ನಾನು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ ಎಂಬುದು ಈ ಅಂಕಣ ಓದುವವರಿಗೆಲ್ಲ ಗೊತ್ತೇ ಇದೆ. ನನ್ನ ವಿದ್ಯಾರ್ಥಿಗಳಿಗೆ ಮಾತ್ರ ಇನ್ನೂ ಅನುಮಾನವಿದೆ.)

“ಎಷ್ಟು ದಿನ ಇರ್ತಿ ಅಕ್ಕಾ?” ಎಂದೆ. ಟ್ರಂಕು ನೋಡಿದ ಮೇಲೆ ಬೇರೇನು ಕೇಳಲಿ?

“ತಿರುಗಿ ಹೋಗಾಕ ಬಂದಿಲ್ಲ” ಅಂದಳು. ಅಷ್ಟು ಹೇಳಿ ನೇರವಾಗಿ ಅಡುಗೆಮನೆಗೆ ಹೋಗಿ, ನಾನು ತೊಳೆಯದೆ ಬಿಟ್ಟಿದ್ದ ಪಾತ್ರೆಗಳನ್ನು ತೊಳೆಯಲು ನಿಂತಳು. ನಮ್ಮ ಯಜಮಾನರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಮುಂದಿನದನ್ನು ಅಕ್ಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. “ಬರಿ, ಆದ್ರ ಹೆಸರು ಬದಲ್ ಮಾಡು” ಅಂದಿದ್ದಾಳೆ. ಹಾಗಾಗಿ ಇಲ್ಲಿ ಅವಳು ಗೌರಕ್ಕ, ಅವಳ ಗಂಡ ರುದ್ರಪ್ಪ. ಸವಣೂರಿನಲ್ಲಿ ಯಾರೂ ಗುರುತು ಹಿಡಿಯುವುದಿಲ್ಲ ಎಂದು ಅವಳು ನಂಬಿದ್ದಾಳೆ. ನಂಬಿಕೊಂಡಿರಲಿ.

ರುದ್ರಪ್ಪ ಭಾವ ಎಲೆಯ ವ್ಯಾಪಾರಿ. ಸವಣೂರಿನ ಎಲೆ ಅಂದರೆ ಎಂಥದು ಅಂತ ಊಟದ ಮೇಲೆ ಎಲೆ-ಅಡಿಕೆ ಹಾಕುವವರಿಗೆ ನಾನು ಹೇಳಬೇಕಿಲ್ಲ. ಬಜಾರದಲ್ಲಿ ಅವರ ತಂದೆಯ ಕಾಲದ ಅಂಗಡಿ. ಎಲೆಯನ್ನು ಬೆರಳಲ್ಲಿ ಮುಟ್ಟಿಯೇ ಯಾವ ತೋಟದ್ದು ಅಂತ ಹೇಳುತ್ತೇನೆ ಅನ್ನುತ್ತಿದ್ದರು. (ಸುಳ್ಳೋ ನಿಜವೋ, ಯಾರೂ ಪರೀಕ್ಷೆ ಮಾಡಿರಲಿಲ್ಲ.) ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಂಗಡಿಯಲ್ಲಿ ಬುಟ್ಟಿ ಎತ್ತಲು ಬಗ್ಗಿದವರು ಹಾಗೆಯೇ ವಾಲಿ ಕುಸಿದರು. ಎಡಗೈ, ಎಡಗಾಲು ಬಿದ್ದುಹೋದವು. ಲಕ್ವಾ. ಹುಬ್ಬಳ್ಳಿಯ ದವಾಖಾನೆಯಲ್ಲಿ ಕೆಲವು ವಾರ ಇದ್ದು ಮನೆಗೆ ಬಂದರು. ಕಾಲು ಬೇಗ ಸುಧಾರಿಸಿತು. ಕೋಲು ಹಿಡಿದು ಅಂಗಳದವರೆಗೆ ನಡೆಯುವಷ್ಟಾದರು. ಕೈ ಕೂಡ ನಿಧಾನಕ್ಕೆ ಬರತೊಡಗಿತು.

ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. ಅದೇ ಮಾತು, ಅದೇ ನಗೆಚಾಟಿಕೆ, ಬಾಯಿಲೆಕ್ಕದಲ್ಲಿ ಅದೇ ಚುರುಕು. ನೋಡಲು ಬಂದವರೆಲ್ಲ ‘ದೇವರು ದೊಡ್ಡವ, ತಲಿಗೆ ಏನೂ ಆಗಿಲ್ಲ’ ಎಂದು ಹೇಳಿ ಹೋಗುತ್ತಿದ್ದರು. ನಾನೂ ಹಾಗೆಯೇ ಹೇಳಿ ಬಂದಿದ್ದೆ.

ಅಂಥ ಗಂಡನನ್ನು ಬಿಟ್ಟು ಅಕ್ಕ ಬಂದಿದ್ದಳು. ಕಾಯಿಲೆ ಬಿದ್ದ ಗಂಡನನ್ನು ಬಿಟ್ಟು ಬರುವ ಹೆಂಗಸನ್ನು ನಮ್ಮ ಕಡೆಯ ಜನ ಏನೆನ್ನುತ್ತಾರೆ? ನಿಮಗೆ ಗೊತ್ತು. ಅವಳಿಗೂ ಗೊತ್ತಿತ್ತು. ಆದರೂ ಬಂದಿದ್ದಳು.

ಸಂಜೆ ಕಾಲೇಜಿನಿಂದ ಬಂದು ಚಹಾ ಕುಡಿಯುತ್ತ ಕುಳಿತಾಗ ತಾನಾಗಿಯೇ ಶುರುಮಾಡಿದಳು. ಮೊರದಲ್ಲಿ ಅಕ್ಕಿ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ನಿಮ್ಮ ಭಾವ ನನ್ನ ಕೂಡ ಮಾತು ಬಿಟ್ಟಾರ.”

“ಜಡ್ಡಿನ್ಯಾಗ ಮನುಷ್ಯಾಗ ಸಿಡುಕು ಇರತೈತಿ ಅಕ್ಕಾ.”

“ಸಿಡುಕಿದ್ರ ಎಲ್ಲಾರ ಮ್ಯಾಲೆ ಇರಬೇಕಲ್ಲ? ಬಂದವ್ರ ಕೂಡ ನಕ್ಕೋತ ಮಾತಾಡತಾರ. ಓಣ್ಯಾಗಿನ ಮಂದಿ ಕೂಡ ಮಾತಾಡತಾರ. ನಾ ಮಗ್ಗಲಕ್ಕ ಹೋಗಿ ಕುಂತ್ರ ತಿರುಗಿ ನೋಡೂದಿಲ್ಲ. ಚಾ ತಗೊಂಡು ನಿಂತ್ರ ಬಾಗಲ ಕಡೆ ಮಾರಿ ಮಾಡಿ ‘ಇಡು’ ಅಂತಾರ. ಒಂದೊಂದು ಸಲ ಅದೂ ಇಲ್ಲ. ನಾ ಅಲ್ಲಿ ಇದ್ದೇನಿ ಅನ್ನೂದ ಇಲ್ಲ ಅವರಿಗೆ.”

ಅದಕ್ಕೆ ಕಾರಣವೂ ಅಕ್ಕನಿಗೆ ಗೊತ್ತಿತ್ತು. ಕಳೆದ ವರ್ಷ ಮಗಳನ್ನು ಹಿರೇಕೆರೂರಿಗೆ ಕೊಟ್ಟರು. ಅಳಿಯ ಹೈಸ್ಕೂಲು ಮಾಸ್ತರ. ಭಾವನಿಗೆ ಬಂಕಾಪುರದ ಒಂದು ವ್ಯಾಪಾರಸ್ಥರ ಮನೆತನ ಮನಸ್ಸಿನಲ್ಲಿತ್ತು. ಅಕ್ಕ ಹಟ ಹಿಡಿದು ಹಿರೇಕೆರೂರನ್ನೇ ಗಟ್ಟಿ ಮಾಡಿದಳು. ಮದುವೆಯಾದ ಮೇಲೆ ಅಳಿಯ ಯುಗಾದಿಗೆ ಬರಲಿಲ್ಲ. ಯಾಕೆ ಬರಲಿಲ್ಲ ಅಂದರೆ ಅವನಿಗೆ ಪರೀಕ್ಷೆಯ ಕೆಲಸವಿತ್ತು. ಆದರೆ ಮಾವನಿಗೆ ಅದು ಅವಮಾನವಾಗಿ ಕಂಡಿತು. ಗಂಡ-ಹೆಂಡಿರ ನಡುವೆ ಜೋರಾಗಿಯೇ ಆಯಿತು. ಕೊನೆಗೆ ಭಾವ ಒಂದು ಮಾತು ಅಂದರು: “ನಿನ್ನ ಮಾತು ಕೇಳಿ ಕೆಟ್ಟೆ. ಇನ್ನ ನಿನ್ನ ಮಾರಿ ನೋಡೂದಿಲ್ಲ.”

ಮರುದಿನ ಬೆಳಿಗ್ಗೆ ಲಕ್ವಾ ಹೊಡೆಯಿತು.

“ಅಂದ ಮಾತು ಉಳಿಸ್ಕೊಂಡಾರ” ಅಂದಳು ಅಕ್ಕ. “ನನ್ನ ಕೂಡ ಜಗಳ ಆಡಿದ್ದಕ್ಕ ಅವರಿಗೆ ಹಿಂಗಾತು ಅಂತ ನಾನು ದಿನಾ ಸಾಯಾಕತ್ತಿದ್ದೆ. ಹಂಗಾಗಿ ಏನೂ ಅನ್ನಲಿಲ್ಲ. ಮಾರಿ ನೋಡಬ್ಯಾಡ್ರಿ, ಉಣ್ಣಾಕ ಹಾಕಿದ್ದನ್ನರೆ ಉಣ್ರಿ ಅಂದ್ರ, ಅರ್ಧಾ ತಾಟ ಬಿಟ್ಟು ಏಳತಾರ. ಬಿಟ್ಟು ಎದ್ದು, ನನಗ ಪಲ್ಯಾ ಹಾಕಿಲ್ಲ ಅಂತ ಸೊಸಿ ಮುಂದ ಹೇಳತಾರ.”

ಇಷ್ಟನ್ನೆಲ್ಲ ನುಂಗಿಕೊಂಡಿದ್ದ ಅಕ್ಕ ಮನೆ ಬಿಟ್ಟದ್ದು ಒಂದು ಕಪ್ ಚಹಾದ ಕಾರಣಕ್ಕೆ. ಹಿರೇಕೆರೂರಿನಿಂದ ಬೀಗರು ನೋಡಲು ಬಂದಿದ್ದರು. ಅಕ್ಕ ಇಬ್ಬರಿಗೂ ಚಹಾ ತಂದಳು. ಬೀಗರ ಕೈಗೆ ಒಂದು ಕಪ್ಪು ಕೊಟ್ಟು, ಗಂಡನ ಕಪ್ಪನ್ನು ಮಂಚದ ಪಕ್ಕ, ಅಡುಗೆಮನೆ ಕಡೆಯ ಸ್ಟೂಲಿನ ಮೇಲೆ ಇಟ್ಟಳು. ಬೀಗರು ಕುಡಿದು ಮುಗಿಸಿದರು. ಭಾವ ಮುಟ್ಟಲಿಲ್ಲ. ಆಮೇಲೆ ಬೀಗರ ಕಡೆ ತಿರುಗಿ, “ನೋಡ್ರಿ ಬೀಗ್ರ, ಈ ಮನ್ಯಾಗ ನನಗ ಒಂದು ಕಪ್ ಚಾ ಕೊಡವ್ರೂ ಇಲ್ಲ” ಅಂದರು.

ಕಪ್ಪು ಅಲ್ಲೇ ಇತ್ತು. ಬೀಗರು ಕಪ್ಪನ್ನು ನೋಡಿದರು. ಅಕ್ಕನ ಮುಖ ನೋಡಿದರು. ಆಮೇಲೆ ನೆಲ ನೋಡಿದರು.

“ಮಗಳ ಮಾವನ ಮುಂದ ನನ್ನ ಮಾನ ತೆಗೆದ್ರು” ಎಂದು ಅಕ್ಕ ಮೊರ ಕೆಳಗಿಟ್ಟಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡುವುದಾದರೂ ತಿಳಿಯುತ್ತಿತ್ತು.

ಭಾನುವಾರ ನಾನು ಸವಣೂರಿಗೆ ಹೊರಟೆ. ಬಸ್ಸಿನಲ್ಲಿ ಕುಳಿತು ಭಾವನಿಗೆ ಕೊಡಬೇಕಾದ ಲೆಕ್ಚರನ್ನು ಪೂರ್ತಿ ಸಿದ್ಧಪಡಿಸಿದೆ. ಚೆನ್ನಾಗಿತ್ತು. ಸ್ತ್ರೀಯರ ಸಹನೆಯ ಬಗ್ಗೆ ಒಂದೆರಡು ಬಿಸಿ ವಾಕ್ಯಗಳೂ ಇದ್ದವು.

ಪಡಸಾಲೆಯಲ್ಲಿ ಮಂಚ. ಬೀದಿ ಬಾಗಿಲು ಭಾವನ ಬಲಕ್ಕೆ. ಬಂದವರು ಕೂರುವ ಬಾಕು ಆ ಬಾಗಿಲ ಪಕ್ಕದಲ್ಲೇ. ಅಡುಗೆಮನೆ ಅವರ ಎಡಕ್ಕೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದು ಆಮೇಲೆ ತಿಳಿಯುತ್ತದೆ. ನನಗೂ ಆಮೇಲೆಯೇ ತಿಳಿದದ್ದು.

ನಾನು ಬಾಕಿನ ಮೇಲೆ ಕುಳಿತೆ. ಬಾಯಿ ತೆರೆಯುವ ಮೊದಲೇ ಭಾವ ಅಂದರು: “ನಿಮ್ಮಕ್ಕ ಆರಾಮ ಅದಾಳೇನು?”

“ಅದಾಳ್ರಿ.”

“ಆಕಿ ಹೋಗಿದ್ದು ಬೇಶ್ ಆತು ಬಿಡು. ಆಸ್ಪತ್ರಿಯಿಂದ ಬಂದಾಗಿಂದ ನನ್ನ ಹತ್ರ ಬರೂದ ಬಿಟ್ಟಿದ್ಲು. ಎಲ್ಲೋ ಒಳಗ ದನಿ ಕೇಳತಿತ್ತು, ಮಾರಿ ಮಾತ್ರ ಕಾಣತಿರಲಿಲ್ಲ. ಕೈಕಾಲು ಬಿದ್ದ ಗಂಡ ಯಾರಿಗೆ ಬೇಕು, ಹೇಳು?”

ಅವರ ಕಣ್ಣು ತುಂಬಿತ್ತು. ನನ್ನ ಲೆಕ್ಚರು ಗಂಟಲಲ್ಲೇ ಉಳಿಯಿತು. ಅಕ್ಕ ಹೇಳಿದ ಕಥೆಯೇ. ಆದರೆ ಪಾತ್ರಗಳು ಅದಲುಬದಲು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು. ಅಕ್ಕ ಸುಳ್ಳು ಹೇಳುವವಳಲ್ಲ. ಭಾವನ ಮುಖ ನೋಡಿದರೆ ಅವರದೂ ನಾಟಕವಲ್ಲ.

ಆ ಮುಖವನ್ನು ಆಗ ಸರಿಯಾಗಿ ನೋಡಿದೆ. ಬಲಗೆನ್ನೆ ನುಣ್ಣಗೆ ಬೋಳಿಸಿತ್ತು. ಎಡಗೆನ್ನೆಯ ಮೇಲೆ ಬಿಳಿಗಡ್ಡ ಹಾಗೇ ಇತ್ತು. ಕೈ ಸೋತಿದೆ, ಪಾಪ, ಪೂರ್ತಿ ಮಾಡಲು ಆಗಿಲ್ಲ ಅಂದುಕೊಂಡೆ. ಆದರೆ ಬೋಳಿಸುವುದು ಬಲಗೈಯಲ್ಲಿ ಅಲ್ಲವೇ?

ಅವರ ಮುಂದೆ ಎಲೆಯ ಬುಟ್ಟಿ ಇತ್ತು. ಹೊತ್ತು ಹೋಗಲಿ ಎಂದು ಮಗ ಅಂಗಡಿಯಿಂದ ತಂದಿಟ್ಟಿದ್ದ. ಹಣ್ಣಾದ ಎಲೆ, ಹರಿದ ಎಲೆ ಬೇರೆ ಮಾಡಬೇಕು. ನನ್ನ ಜೊತೆ ಮಾತಾಡುತ್ತಲೇ ಭಾವನ ಬೆರಳು ಓಡುತ್ತಿತ್ತು. ಒಂದೊಂದು ಎಲೆಯನ್ನೂ ನೋಡಿ, ಒರೆಸಿ, ಅಂದವಾಗಿ ಜೋಡಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೈ ನಿಲ್ಲಿಸಿ ಸೊಸೆಯನ್ನು ಕೂಗಿದರು: “ನೀಲವ್ವಾ, ಮುಗೀತು, ಬುಟ್ಟಿ ಒಯ್ಯಿ.”

ಮುಗಿದಿರಲಿಲ್ಲ. ಬುಟ್ಟಿಯ ಬಲಭಾಗ ಖಾಲಿ. ಎಡಭಾಗದಲ್ಲಿ ಎಲೆಗಳು ಹಾಗೇ ಇದ್ದವು, ಚಾಕುವಿನಿಂದ ಕತ್ತರಿಸಿ ಬಿಟ್ಟ ಹಾಗೆ.

ನೀಲವ್ವ ಬುಟ್ಟಿ ಒಯ್ದಳು. ಮಾವನೆದುರು ನಿಂತು ಮಾತಾಡುವ ರೂಢಿ ಅವಳಿಗಿಲ್ಲ. ನಾನು ಅವಳ ಹಿಂದೆ ಅಡುಗೆಮನೆಗೆ ಹೋದೆ.

“ದಿನಾ ಹಿಂಗ ಮಾಡತಾರೇನ?”

“ದಿನಾ ಹಿಂಗ ರೀ. ತಾಟಿನ್ಯಾಗನೂ ಅರ್ಧಾ ಬಿಡತಾರ. ಅತ್ತಿಯವ್ರಿಗೆ ಸಿಟ್ಟು ಬರತಿತ್ತು.”

“ಯಾವ ಅರ್ಧಾ?”

ನೀಲವ್ವ ಯೋಚಿಸಿದಳು. ಕೈಯನ್ನು ಗಾಳಿಯಲ್ಲಿ ತಟ್ಟೆಯ ಹಾಗೆ ಹಿಡಿದು ನೋಡಿಕೊಂಡಳು. “ಎಡಗಡೆದ್ದು ರೀ” ಅಂದಳು.

ಹಾನಗಲ್ಲಿನಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ. ಧಾರವಾಡದ ಹಾಸ್ಟೆಲಿನಲ್ಲಿ ಒಂದೇ ರೂಮು ನಮ್ಮದು. ರಟ್ಟೀಹಳ್ಳಿಯ ಹುಡುಗಿ, ಓದಿ ಡಾಕ್ಟರಾದಳು, ಬೆಂಗಳೂರಿನಲ್ಲಿ ಕೆಲವು ವರ್ಷ ಮೆದುಳಿನ ರೋಗಿಗಳನ್ನೇ ನೋಡಿ, ಈಗ ಹಾನಗಲ್ಲಿನಲ್ಲಿ ಸ್ವಂತ ದವಾಖಾನೆ ಇಟ್ಟಿದ್ದಾಳೆ. ಇಲ್ಲಿ ಅವಳನ್ನು ಸುಮಿತ್ರಾ ಅನ್ನೋಣ. ಹಡಗಿನಲ್ಲಿ ತಿಂಗಳುಗಟ್ಟಲೆ ತಡವಾಗಿ ಬರುವ ಇಂಗ್ಲಿಷ್ ಜರ್ನಲ್ಲುಗಳನ್ನು ನಾವು ದೀಪಾವಳಿ ವಿಶೇಷಾಂಕ ಓದುವ ಹಾಗೆ ಓದುತ್ತಾಳೆ. ಶಿಗ್ಗಾಂವಕ್ಕೆ ಮರಳಿದವಳೇ ಅವಳಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಕಿರಿಕಿರಿ ಲೈನಿನಲ್ಲಿ ಕೂಗಿ ಕೂಗಿ ಎಲ್ಲ ಹೇಳಿದೆ. (ಪೋಸ್ಟಾಫೀಸಿನಲ್ಲಿದ್ದವರಿಗೆಲ್ಲ ನಮ್ಮ ಮನೆಯ ಸಂಗತಿ ತಿಳಿದಿರಬೇಕು.) ಗಡ್ಡ, ಎಲೆ, ತಟ್ಟೆ, ಚಹಾ, ಜಗಳ, ಟ್ರಂಕು.

ಅವಳು ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮಕ್ಕ ಅವರ ಯಾವ ಮಗ್ಗಲಕ್ಕ ಕುಂದರತಿದ್ರು?”

“ಎಡಕ್ಕ, ಅಡಿಗಿಮನಿ ಕಡೆ” ಎಂದು ಫೋನಿನಲ್ಲಿ ಕೂಗಿದೆ.

ಅಕ್ಕನನ್ನು ಹಾನಗಲ್ಲಿಗೆ ಹೊರಡಿಸುವುದೇ ಒಂದು ಸಾಹಸ. “ಡಾಕ್ಟರಿಗೆ ತೋರಸೂದು ಏನೈತಿ? ಅವರಿಗೆ ನಾ ಬ್ಯಾಡಾಗೇನಿ. ಅದಕ್ಕ ಗುಳಿಗಿ ಐತೇನು?” ಎಂದು ವಾದಿಸಿದಳು. ಕೊನೆಗೆ, ಬೇಕಾದರೆ ದೂರ ಕುಳಿತುಕೋ, ಮಾತಾಡಬೇಡ ಎಂದು ಒಪ್ಪಿಸಿದೆ. ಭಾವನನ್ನು ಮಗ ಸವಣೂರಿನಿಂದ ಕರೆತಂದ. ನಾವಿಬ್ಬರೂ ಶಿಗ್ಗಾಂವದಿಂದ ಮೊದಲೇ ಹೋಗಿ ಕುಳಿತಿದ್ದೆವು. ಅಕ್ಕ ಗೋಡೆಯ ಪಕ್ಕದ ಬೆಂಚಿನ ತುದಿಯಲ್ಲಿ ಕುಳಿತಳು. ಭಾವ ಬಂದು ಡಾಕ್ಟರರ ಎದುರಿನ ಕುರ್ಚಿಯಲ್ಲಿ ಕುಳಿತರು. ಅಕ್ಕ ಈಗ ಅವರ ಎಡಕ್ಕೆ, ಕೈಚಾಚಿದರೆ ಸಿಗುವಷ್ಟು ದೂರದಲ್ಲಿ.

ಭಾವ ನನ್ನ ಕಡೆ ನೋಡಿದರು. ನಾನು ಬಲಕ್ಕೆ ನಿಂತಿದ್ದೆ. “ಆಕಿ ಬರಲಿಲ್ಲೇನು?” ಅಂದರು.

ಅಕ್ಕ ತಟಕ್ಕನೆ ಎದ್ದಳು. “ನೋಡಿದಿ?” ಎಂದು ನನಗೆ ಹೇಳಿ ಬಾಗಿಲ ಕಡೆ ಹೆಜ್ಜೆ ಇಟ್ಟಳು.

“ಸ್ವಲ್ಪ ಕುಂದರ್ರಿ ಅಕ್ಕಾರ” ಅಂದಳು ಸುಮಿತ್ರಾ. ದನಿ ಮೆತ್ತಗಿತ್ತು. ಆದರೆ ಡಾಕ್ಟರುಗಳಿಗೆ ಒಂದು ದನಿ ಇರುತ್ತದೆ, ಅದಕ್ಕೆ ಎದುರಾಡಲು ಆಗುವುದಿಲ್ಲ. ಅಕ್ಕ ಕುಳಿತಳು.

ಸುಮಿತ್ರಾ ಮೊದಲು ಎರಡೂ ಕೈಗಳನ್ನು ಅಗಲಿಸಿ ಹಿಡಿದಳು. ಎಡಗಡೆ ಮಾತ್ರ ಬೆರಳು ಆಡಿಸಿದಾಗ ಭಾವ “ಕಾಣತೈತ್ರಿ” ಅಂದರು. ಬಲಗಡೆ ಆಡಿಸಿದಾಗಲೂ ಕಂಡಿತು. ಎರಡೂ ಕಡೆ ಒಟ್ಟಿಗೆ ಆಡಿಸಿದಾಗ ಅವರಿಗೆ ಕಂಡದ್ದು ಬಲಗಡೆಯ ಬೆರಳೊಂದೇ. ಆಮೇಲೆ ಕಾಗದದ ಮೇಲೆ ಒಂದು ಗೆರೆ ಎಳೆದು ಇದರ ನಡುವೆ ಗುರುತು ಮಾಡಿ ಅಂದಳು. ಭಾವ ಬಲತುದಿಯ ಹತ್ತಿರ ಗುರುತು ಮಾಡಿದರು. ಗಡಿಯಾರ ಬರೆಯಿರಿ ಅಂದಳು. ದುಂಡಗೆ ಬರೆದರು. ಹನ್ನೆರಡೂ ಅಂಕಿಗಳನ್ನು ಬಲಗಡೆಯ ಅರ್ಧದಲ್ಲೇ ಒತ್ತೊತ್ತಾಗಿ ತುಂಬಿ, ಚೆನ್ನಾಗಿದೆಯೇ ಎಂಬಂತೆ ನಮ್ಮತ್ತ ನೋಡಿದರು.

ಅಕ್ಕ ಕತ್ತು ಚಾಚಿ ಆ ಕಾಗದ ನೋಡಿದಳು. “ಕಣ್ಣ ಹೋಗ್ಯಾವೇನ್ರಿ?” ಎಂದು ಮೆಲ್ಲಗೆ ಕೇಳಿದಳು.

“ಕಣ್ಣು ಆರಾಮ ಅದಾವ್ರಿ.”

“ಕಣ್ಣು ಆರಾಮ ಇದ್ರ ಹಟ ಅನ್ರಿ ಹಂಗಾರ.”

ಸುಮಿತ್ರಾ ಭಾವನ ಕಡೆ ತಿರುಗಿದಳು. “ಯಜಮಾನ್ರ, ಕಣ್ಣು ಮುಚ್ಚಿಕೊಳ್ರಿ. ನೀವು ಸವಣೂರಿನ ಬಸ್‌ಸ್ಟ್ಯಾಂಡಿನ್ಯಾಗ ಇಳದೀರಿ. ಬಜಾರದ ಕಡೆ ನಡಕೋತ ಹೊಂಟೀರಿ. ಎರಡೂ ಬಾಜೂಕ ಯಾವ್ಯಾವ ಅಂಗಡಿ ಅದಾವು, ಹೇಳ್ಕೋತ ಹೋಗ್ರಿ.”

ಭಾವನಿಗೆ ಇದು ಬಹಳ ಇಷ್ಟವಾಯಿತು. ಕಣ್ಣು ಮುಚ್ಚಿ ಶುರುಮಾಡಿದರು. ಸೈಕಲ್ ರಿಪೇರಿ ಅಂಗಡಿ. ಅದರ ಮುಂದೆ ಬಳೆಗಾರನದು. ಆಮೇಲೆ ಅರಿವೆ ಅಂಗಡಿ, ಅದರ ಮಗ್ಗುಲಲ್ಲಿ ದರ್ಜಿ, ಆಮೇಲೆ ಬೀಜ-ಗೊಬ್ಬರದ ಅಂಗಡಿ. ಹೀಗೆ ಬಜಾರದ ಕೊನೆಯವರೆಗೆ ಹೋದರು. ಒಂದೂ ತಡವರಿಸಲಿಲ್ಲ. ಮದುವೆಯಾಗಿ ಬಂದಾಗಿನಿಂದ ಆ ಬೀದಿಯಲ್ಲೇ ಓಡಾಡಿದ ಅಕ್ಕ ಮೊದಮೊದಲು ತಲೆಯಾಡಿಸುತ್ತಿದ್ದಳು. ನಡುವೆ ಎಲ್ಲೋ ತಲೆಯಾಡಿಸುವುದನ್ನು ನಿಲ್ಲಿಸಿದಳು.

“ಇನ್ನ ತಿರುಗಿ ಬರ್ರಿ. ಬಜಾರದ ತುದಿಯಿಂದ ಬಸ್‌ಸ್ಟ್ಯಾಂಡ್ ಕಡೆ” ಅಂದಳು ಸುಮಿತ್ರಾ.

ಭಾವ ತಿರುಗಿದರು. (ಕುರ್ಚಿಯಲ್ಲಿ ಕುಳಿತಲ್ಲಿಯೇ.) ಈಗ ಬೇರೆ ಅಂಗಡಿಗಳು ಬಂದವು. ಖಾರದ ಅಂಗಡಿ, ಔಷಧದ ಅಂಗಡಿ, ಹೋಟೆಲ್ಲು. “ಆಮ್ಯಾಲೆ ನಮ್ಮ ಎಲಿ ಅಂಗಡಿ” ಅಂದರು, ಸಹಜವಾಗಿ. ಮೊದಲ ಸಲ ಹೇಳಿದ್ದ ಸೈಕಲ್ ಅಂಗಡಿ, ಬಳೆಗಾರ, ದರ್ಜಿ ಯಾರೂ ಈ ಸಲ ಬರಲಿಲ್ಲ.

ಅಕ್ಕನೇ ಮೊದಲು ಬಾಯಿಬಿಟ್ಟಳು, ತನ್ನಷ್ಟಕ್ಕೆ ಹೇಳಿಕೊಳ್ಳುವ ಹಾಗೆ.

“ಹೋಗೋ ಮುಂದ ಎಡಗಡೆ ಸಾಲು ಪೂರಾ ಬಿಟ್ರು. ತಮ್ಮ ಅಂಗಡೀನೂ ಬಿಟ್ರು.”

“ಹೌದ್ರಿ ಅಕ್ಕಾರ.”

“ಅವರಪ್ಪ ಕಟ್ಟಿದ ಅಂಗಡಿ ಅದು.” ಅಕ್ಕ ಗಂಡನ ಕಡೆ ನೋಡಿದಳು. “ನನ್ನ ಮ್ಯಾಲೆ ಸಿಟ್ಟಿದ್ರ ನನ್ನ ಬಿಡಬೇಕು. ಅಂಗಡಿ ಏನು ಮಾಡಿತ್ತು?”

ಇಷ್ಟು ದಿನ ನಾನು, ಸಾಹಿತ್ಯ ಕಲಿಸುವವಳು, ಹೇಳಲು ಹೆಣಗಾಡಿದ್ದನ್ನು ಅಕ್ಕ ಒಂದೇ ಪ್ರಶ್ನೆಯಲ್ಲಿ ಮುಗಿಸಿದಳು.

ಆಮೇಲೆ ಅವಳು ಮಾಡಿದ್ದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಬೆಂಚಿನಿಂದ ಎದ್ದಳು. ಭಾವನ ಕುರ್ಚಿಯ ಹಿಂದಿನಿಂದ ಸುತ್ತಿ ಬಂದು ಬಲಗಡೆ, ನನ್ನನ್ನು ಸರಿಸಿ, ಅವರ ಮುಂದೆ ನಿಂತಳು.

ಭಾವ ಅವಳನ್ನು ನೋಡಿದರು. ಸೆರಗು ನೋಡಿದರು, ಮುಖ ನೋಡಿದರು. “ಯಾವಾಗ ಬಂದಿ?” ಅಂದರು.

“ಇಲ್ಲೇ ಇದ್ದೆ.”

“ಸೊರಗೀದಿ.”

“ನೀವೇನು ತುಂಬಿಕೊಂಡೀರಿ?” ಅಂದಳು ಅಕ್ಕ. ಅಂದು, ಸೆರಗಿನ ತುದಿಯಿಂದ ಅವರ ಎಡಗೆನ್ನೆಯ ಗಡ್ಡವನ್ನು ಏನೋ ಹತ್ತಿದ್ದನ್ನು ಒರೆಸುವ ಹಾಗೆ ಒರೆಸಿದಳು. ಸುಮಿತ್ರಾ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದಳು, ಜೋಡಿಸುವಂಥದ್ದೇನೂ ಇರದಿದ್ದರೂ.

ಹಾಗಾದರೆ ಭಾವನಿಗೆ ಆದದ್ದೇನು? ಚಹಾ ಕುಡಿಯುತ್ತ ಸುಮಿತ್ರಾ ವಿವರಿಸಿದಳು. ಅವಳ ಮಾತಿನಲ್ಲೇ ಕೇಳಿ.

“ಕಣ್ಣು ನೋಡತಾವು. ಆದ್ರ ನೋಡಿದ್ದನ್ನ ಲಕ್ಷ್ಯಕ್ಕ ತಗೊಳ್ಳಾಕ ಮೆದುಳು ಬೇಕು. ಅವರ ಮೆದುಳಿನ ಬಲಗಡೆ ಪೆಟ್ಟು ಬಿದ್ದೈತಿ. ಎಡಗಡೆ ಜಗತ್ತಿಗೆ ಬಲಗಡೆ ಮೆದುಳು ಕಾವಲುಗಾರ ಇದ್ದಂಗ. ಕಾವಲುಗಾರ ಮಲಗಿದ್ರ, ಬಾಗಲಾ ತೆರೆದಿದ್ರೂ ಯಾರು ಬಂದ್ರು ಅಂತ ಹೇಳವ್ರು ಯಾರು?”

“ತಮಗ ಕಾಣವಲ್ದು ಅನ್ನೂದರೆ ಅವರಿಗೆ ತಿಳಿಯೂದಿಲ್ಲೇನ್ರಿ?” ಎಂದಳು ಅಕ್ಕ.

“ಅದ ಈ ಜಡ್ಡಿನ ವಿಚಿತ್ರ. ಕುರುಡರಿಗೆ ತಮಗ ಕಾಣೂದಿಲ್ಲ ಅನ್ನೂದು ಗೊತ್ತಿರತೈತಿ. ಇವರಿಗೆ ಎಡಗಡೆ ಅನ್ನೂದ ಇಲ್ಲ. ಇಲ್ಲದ್ದನ್ನ ಹೆಂಗ ಹುಡುಕತಾರ? ನೀವು ಮಾತಾಡಿದ್ರ ದನಿ ಕೇಳತೈತಿ. ಆದ್ರ ಆ ದನಿ ಬಲಗಡೆಯಿಂದ ಬಂತು ಅಂತ ತಿಳಕೋತಾರ. ಅದಕ್ಕ ಬಾಗಲ ಕಡೆ ಮಾರಿ ಮಾಡಿ ಉತ್ತರಾ ಕೊಡತಿದ್ರು.”

ಆ ಬಜಾರದ ಪರೀಕ್ಷೆ ಸುಮಿತ್ರಾಳದೇ ಕಲ್ಪನೆಯಲ್ಲ. ಇಟಲಿಯ ಇಬ್ಬರು ಸಂಶೋಧಕರು ಕೆಲವು ವರ್ಷಗಳ ಹಿಂದೆ ಇಂಥದೇ ರೋಗಿಗಳಿಗೆ ತಮ್ಮ ಊರಿನ ದೊಡ್ಡ ಚೌಕವನ್ನು ನೆನಪಿಸಿಕೊಳ್ಳಿ ಎಂದು ಕೇಳಿದರಂತೆ. ಒಂದು ತುದಿಯಲ್ಲಿ ನಿಂತಿದ್ದೇನೆ ಎಂದುಕೊಂಡಾಗ ಬಲಗಡೆಯ ಕಟ್ಟಡಗಳನ್ನು ಹೆಚ್ಚಾಗಿ ಹೇಳಿದರಂತೆ. ಎದುರು ತುದಿಗೆ ಹೋಗಿ ನಿಂತಂತೆ ಯೋಚಿಸಿದಾಗ, ಮೊದಲು ಬಿಟ್ಟಿದ್ದವು ಬಂದವಂತೆ. ಅಂದರೆ ನೆನಪು ಅಳಿಸಿಹೋಗಿಲ್ಲ. ಪೂರ್ತಿ ಊರು ತಲೆಯಲ್ಲಿದೆ. ಆದರೆ ಮನಸ್ಸಿನೊಳಗೆ ನಡೆಯುವಾಗಲೂ ಆ ಮನುಷ್ಯನಿಗೆ ಎಡಗಡೆ ಇಲ್ಲ. ಗಮನ ಅನ್ನುವುದನ್ನು ನಾವು ಶಿಸ್ತು ಅಂದುಕೊಂಡಿದ್ದೇವೆ, ಕ್ಲಾಸಿನಲ್ಲಿ ‘ಗಮನ ಕೊಡಿ’ ಎಂದು ಬೆತ್ತ ಬಡಿಯುತ್ತೇವೆ. ಅದಕ್ಕೂ ಮೆದುಳಿನಲ್ಲಿ ಒಂದು ಜಾಗ ಇದೆ, ಅದಕ್ಕೂ ಪೆಟ್ಟಾಗಬಹುದು ಎಂದರೆ ನಿಮಗೆ ಆಶ್ಚರ್ಯವಾಗುವುದಿಲ್ಲವೇ? ನನಗಂತೂ ಆಯಿತು.

ಅಕ್ಕನಿಗೆ ಇನ್ನೊಂದು ಪ್ರಶ್ನೆ ಇತ್ತು. ಬಹಳ ತಡೆದು ಕೇಳಿದಳು. “ನಾ ಹಿಂದಿನ ದಿನ ಜಗಳಾ ಮಾಡಿದ್ನಲ್ಲ ಡಾಕ್ಟ್ರ. ಅದಕ್ಕ ಆತೇನು?”

ಸುಮಿತ್ರಾ ಭಾವನ ಹಳೆಯ ಚೀಟಿಗಳನ್ನು ನೋಡಿಯೇ ಇದ್ದಳು. “ಅವರ ಬಿ.ಪಿ. ವರ್ಷಗಟ್ಟಲೆ ಏರಿ ಕುಂತೈತಿ. ಗುಳಿಗಿ ತಗೊಳ್ರಿ ಅಂದ್ರ ತಗೊಂಡಿಲ್ಲ. ಜಗಳದಿಂದ ಲಕ್ವಾ ಬರೂದಾಗಿದ್ರ ನಮ್ಮ ಕಡೆ ಒಂದು ಓಣ್ಯಾಗನೂ ಕೈಕಾಲು ನೆಟ್ಟಗಿದ್ದವ್ರು ಉಳೀತಿರಲಿಲ್ಲ” ಅಂದಳು. ಅಕ್ಕ ನಕ್ಕಳು. ಅವಳು ನಮ್ಮ ಮನೆಗೆ ಬಂದ ಮೇಲೆ ನಕ್ಕದ್ದು ಅದೇ ಮೊದಲು.

ಔಷಧ ಏನು? ಬಿ.ಪಿ.ಗೆ ಗುಳಿಗೆ ಬರೆದಳು. ಎಡಗಡೆಗೆ ಗುಳಿಗೆ ಇಲ್ಲ, ಅಭ್ಯಾಸವೇ ಔಷಧ ಅಂದಳು. ಮೊದಲು ಬಲಗಡೆ ಕುಳಿತು ಮಾತಾಡಿ, ಇಬ್ಬರಿಗೂ ಸಮಾಧಾನವಾಗಲಿ. ಆಮೇಲೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಎಡಕ್ಕೆ ಸರಿಯಿರಿ. ತಟ್ಟೆಯ ಎಡಕ್ಕೆ, ಹಾಸಿಗೆಯ ಎಡ ಅಂಚಿಗೆ ಕೆಂಪು ಬಟ್ಟೆ ಕಟ್ಟಿ. ಉಣ್ಣುವ ಮೊದಲು, ಎಲೆ ಆರಿಸುವ ಮೊದಲು ಆ ಕೆಂಪನ್ನು ಹುಡುಕಿಸಿ. ಅದು ಸಿಕ್ಕಮೇಲೆ ಅಲ್ಲಿಂದ ಶುರುಮಾಡಲಿ. ಎಷ್ಟು ಸುಧಾರಿಸುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು, ಆದರೆ ಅನೇಕರಿಗೆ ಸುಧಾರಿಸುತ್ತದೆ ಎಂದೂ ಹೇಳಿದಳು.

ಅಕ್ಕ ಶಿಗ್ಗಾಂವಕ್ಕೆ ಮರಳಲಿಲ್ಲ. ಹಾನಗಲ್ಲಿನಿಂದ ನೇರ ಸವಣೂರು. ಬಂಕಾಪುರದವರೆಗೆ ನಾನೂ ಅದೇ ಬಸ್ಸಿನಲ್ಲಿ, ಅವರ ಹಿಂದಿನ ಸೀಟಿನಲ್ಲಿದ್ದೆ. ಅಕ್ಕ ಹಟ ಮಾಡಿ ಭಾವನ ಬಲಕ್ಕೆ ಕುಳಿತಿದ್ದಳು. ಬಸ್ಸು ಊರು ದಾಟಿರಲಿಲ್ಲ, ಭಾವ ಶುರುಮಾಡಿದರು.

“ನಿನ್ನ ಅಳಿಯಾ ಯುಗಾದಿಗೆ ಬರಲಿಲ್ಲ, ನೋಡು.”

“ನಿಮ್ಮ ಅಳಿಯಾ ಅಲ್ಲೇನು?”

“ನಾ ಬಂಕಾಪುರ ಅಂದಿದ್ದೆ.”

“ಬಂಕಾಪುರದ ಆ ಹುಡುಗ ಏನಾಗ್ಯಾನ, ಬಂಕಾಪುರದಾಗ ಇಳಿದು ಕೇಳೂಣೇನು?”

ಬಂಕಾಪುರ ಬರುವವರೆಗೂ ನಡೆಯಿತು. ಎಷ್ಟೋ ದಿನಗಳಿಂದ ಬಾಕಿ ಉಳಿದಿದ್ದ ಜಗಳ, ಪೂರ್ತಿಯಾಗಿ, ಮುಖ ನೋಡಿಕೊಂಡೇ ಆಡಿದರು. ಒಮ್ಮೆ ಅಕ್ಕ “ಇನ್ನ ನಿನ್ನ ಮಾರಿ ನೋಡೂದಿಲ್ಲ ಅಂದಿದ್ರಿ” ಎಂದು ಹಳೆಯದನ್ನು ಎತ್ತಿದಳು. ಭಾವ ನಿಜಕ್ಕೂ ಆಲೋಚಿಸಿದರು. “ಅಂದಿದ್ನೇನು? ಸಿಟ್ಟಿನ್ಯಾಗ ಏನರೆ ಅಂದಿರಬೇಕು. ಅದನ್ನ ಹಿಡಕೊಂಡು ಕುಂತಿಯೇನು?” ಅಂದರು. ಅಕ್ಕ ಕಿಟಕಿಯ ಕಡೆ ತಿರುಗಿದಳು. ಅವಳ ಹೆಗಲು ಅಲುಗುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ, ಹಿಂದಿನ ಸೀಟಿನಿಂದ ನನಗೆ ತಿಳಿಯಲಿಲ್ಲ.

ಮೊನ್ನೆ ಸವಣೂರಿಗೆ ಹೋಗಿದ್ದೆ. ಅಕ್ಕ ಮಂಚದ ಎಡಕ್ಕೆ ಕುಳಿತು ಭಾವನಿಗೆ ಬೈಯುತ್ತಿದ್ದಳು. ಭಾವ ನಿಧಾನವಾಗಿ ಆ ಕಡೆ ಕತ್ತು ತಿರುಗಿಸಿ, ಅವಳನ್ನು ಹುಡುಕಿ, ತಿರುಗಿ ಬೈದರು. ಇನ್ನೂ ಕೆಲವು ಸಲ ತಪ್ಪುತ್ತದೆ. ತಟ್ಟೆಯಲ್ಲಿ ಮೂಲೆಯ ಪಲ್ಯ ಉಳಿಯುತ್ತದೆ. ಹಾಗಾದಾಗ ಅಕ್ಕ ಸುಮ್ಮನೆ ತಟ್ಟೆ ತಿರುಗಿಸುತ್ತಾಳೆ. ಬೀಗರಿಗೆ ಅವಳೇ ಹೇಳಿಕಳಿಸಿದಳಂತೆ, ಮುಂದಿನ ಸಲ ಬಂದಾಗ ಈ ಎಡಗಡೆಯ ಬಗ್ಗೆ ತಾನೊಂದು ಪಾಠ ಹೇಳುವುದಿದೆ, ಕುಳಿತು ಕೇಳಿಕೊಂಡು ಹೋಗಬೇಕು ಎಂದು.

ಈಚೆಗೆ ಮನಃಶಾಸ್ತ್ರದವರು ಒಂದು ಸಂಗತಿ ಬಹಳ ಹೇಳುತ್ತಿದ್ದಾರೆ ಎಂದಳು ಸುಮಿತ್ರಾ. ನಾವು ತಡವಾಗಿ ಬಂದರೆ ಬಸ್ಸು ತಡ. ಇನ್ನೊಬ್ಬರು ತಡವಾಗಿ ಬಂದರೆ ಅವರು ಬೇಜವಾಬ್ದಾರಿ. ನಾವು ಮಾತಾಡದಿದ್ದರೆ ತಲೆನೋವು. ಅವರು ಮಾತಾಡದಿದ್ದರೆ ಸೊಕ್ಕು. ನಮ್ಮ ನಡತೆಗೆ ಸನ್ನಿವೇಶದಲ್ಲಿ ಕಾರಣ ಹುಡುಕುತ್ತೇವೆ, ಬೇರೆಯವರ ನಡತೆಗೆ ಅವರ ಗುಣದಲ್ಲಿ. ಎಲ್ಲ ದೇಶದ ಜನರೂ ಹೀಗೆಯೇ ಇದ್ದಾರೋ ಗೊತ್ತಿಲ್ಲ. ಶಿಗ್ಗಾಂವ, ಸವಣೂರು, ಹಾನಗಲ್ಲು, ಹಿರೇಕೆರೂರಿನ ಮಟ್ಟಿಗೆ ನಾನು ಗ್ಯಾರಂಟಿ ಕೊಡಬಲ್ಲೆ.

ಎಲ್ಲರ ಮೌನದ ಹಿಂದೆಯೂ ಲಕ್ವಾ ಇದೆ ಎಂದು ನಾನು ಹೇಳುತ್ತಿಲ್ಲ. ಕೆಲವರು ನಿಜವಾಗಿಯೂ ಸೊಕ್ಕಿನವರೇ. (ಹೆಸರು ಹೇಳುವುದಿಲ್ಲ. ಅವರೂ ಈ ಅಂಕಣ ಓದುತ್ತಾರೆ.) ಆದರೆ ಒಂದು ಸಂಸಾರ ಮುರಿಯುವ ಹಂತಕ್ಕೆ ಹೋಗಿತ್ತು, ಆ ಮನೆಯಲ್ಲಿ ಯಾರಿಗೂ ಯಾರ ಮೇಲೂ ಮುಖ ತಿರುಗಿಸುವಷ್ಟು ಸಿಟ್ಟಿರಲಿಲ್ಲ. ಸಿಟ್ಟಿದೆ ಎಂದು ಇಬ್ಬರೂ ತಾವೇ ತೀರ್ಮಾನಿಸಿಕೊಂಡಿದ್ದರು ಅಷ್ಟೇ. ತೀರ್ಮಾನಕ್ಕೆ ಸಾಕ್ಷಿಯೂ ಸಿಕ್ಕಿತ್ತು, ದಿನವೂ ಸಿಗುತ್ತಿತ್ತು. ತೀರ್ಮಾನ ಮೊದಲು ಆಗಿಬಿಟ್ಟರೆ ಸಾಕ್ಷಿಗೆ ಬರವೇ?

ಅದಕ್ಕೇ ನಿಮ್ಮನ್ನು ಕೇಳುತ್ತೇನೆ. ಅವರಿಗೆ ನಿಮ್ಮ ಮೇಲೆ ಸಿಟ್ಟಿದೆ ಅನ್ನುತ್ತೀರಲ್ಲ, ಅದನ್ನು ನಿಮಗೆ ಹೇಳಿದವರು ಯಾರು, ಅವರೋ ನೀವೋ?